ದಶಮಾಂಶ ಉಳಿಯಿತು, ಧರ್ಮಶಾಸ್ತ್ರ ಹೋಯಿತು ಎಂದರೆ ಹೇಗೆ?

ಪ್ರಶ್ನೆ: ನಾವು ಬೀದರ್ ಕಡೆಯವರು. ಯಜಮಾನರ ಕಾರ್ಖಾನೆ ಕೆಲಸದ ನಿಮಿತ್ತ ಪಿಂಪ್ರಿಗೆ ಬಂದು ನೆಲೆಸಿದ್ದೇವೆ. ಶುಕ್ರವಾರ ಸಂಜೆ ಕನ್ನಡದವರೇ ಸೇರುವ ಮನೆ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇವೆ. ಅದನ್ನು ನಡೆಸುವ ಹಿರಿಯರು, ಹಳೆಯ ಒಡಂಬಡಿಕೆ (ದೇವರು ತನ್ನ ಜನರೊಂದಿಗೆ ಮಾಡಿಕೊಂಡ ಕರಾರು) ರದ್ದಾಯಿತು, ಈಗ ಕೃಪೆಯ ಕಾಲ, ಧರ್ಮಶಾಸ್ತ್ರದ, ಅಂದರೆ ಮೋಶೆಯ ಮೂಲಕ ಬಂದ ನಿಯಮಗಳ ಗೊಡವೆ ನಮಗೆ ಬೇಡ ಎನ್ನುತ್ತಾರೆ. ಆದರೆ ದಶಮಾಂಶದ (ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವ) ಮಾತು ಬಂದ ಕೂಡಲೇ ಹಳೆಯ ಭಾಗದ ಪ್ರವಾದಿ ಮಲಾಕಿಯನ ಪುಸ್ತಕ ತೆರೆಯುತ್ತಾರೆ. ಕೊಡದವರಿಗೆ ಧರ್ಮೋಪದೇಶಕಾಂಡ 28ರ ಶಾಪ ತಟ್ಟುತ್ತದೆ ಎಂದು ಹೆದರಿಸುತ್ತಾರೆ. ಹಾಗಾದರೆ ಹಳೆಯದು ಇದೆಯೋ ಹೋಯಿತೋ? ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಬೇಕೋ ಬೇಡವೋ? ಅತ್ತೆಯವರು ಹಂದಿ ಮಾಂಸವನ್ನು ಮನೆಯೊಳಗೆ ತರಗೊಡುವುದಿಲ್ಲ, ಅದು ಸರಿಯೇ? ಇನ್ನೊಂದು: ನಾನು ಕೆಲಸಕ್ಕೆ ಹೋಗುವುದು ಪುಣೆ ಕ್ಯಾಂಪಿಗೆ, ಲಾಲ್ ದೇವುಳದ ಹತ್ತಿರ. ಅಲ್ಲಿ ಪ್ರಾರ್ಥನೆಗೆ ಬರುವ ಯೆಹೂದ್ಯರ ಒಡಂಬಡಿಕೆ ಮುಗಿದುಹೋಗಿದೆಯೇ?

ಉತ್ತರ: ನಿಮ್ಮ ಹಿರಿಯರು ಒಂದೇ ಪುಸ್ತಕವನ್ನು ಬೆಳಿಗ್ಗೆ ರದ್ದಿಗೆ ಹಾಕಿ ಸಂಜೆ ವಸೂಲಿಗೆ ಬಳಸುತ್ತಿದ್ದಾರೆ. ಈ ರೋಗ ಅವರೊಬ್ಬರದ್ದೇ ಅಲ್ಲ, ಆದ್ದರಿಂದ ಅವರನ್ನು ಸದ್ಯಕ್ಕೆ ಬದಿಗಿಟ್ಟು ವಿಷಯಕ್ಕೇ ಬರುತ್ತೇನೆ.

ಮೊದಲು ಒಂದು ಗಂಟು ಬಿಡಿಸಬೇಕು. ಸತ್ಯವೇದದ ಮೊದಲ ಭಾಗದ 39 ಪುಸ್ತಕಗಳನ್ನು (ಕಥೋಲಿಕರ ಲೆಕ್ಕದಲ್ಲಿ 46) ನಾವು ಹಳೆಯ ಒಡಂಬಡಿಕೆ ಎಂದು ಕರೆದು ರೂಢಿ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನಾಗಲಿ ಇಬ್ರಿಯರಿಗೆ ಪತ್ರಿಕೆ ಬರೆದವನಾಗಲಿ 'ಹಳೆಯದು' ಎಂದಾಗ ಆ ಪುಸ್ತಕಗಳ ಕಟ್ಟನ್ನು ಕುರಿತು ಹೇಳುತ್ತಿರಲಿಲ್ಲ. ಆ ಪುಸ್ತಕಗಳೊಳಗೇ ಒಡಂಬಡಿಕೆಗಳು ಹಲವಿವೆ: ಜಲಪ್ರಳಯದ ಬಳಿಕ ನೋಹನೊಂದಿಗೆ ಆದದ್ದು, ಅಬ್ರಹಾಮನೊಂದಿಗೆ ಆದದ್ದು, ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ ಜನರೆಲ್ಲರೊಂದಿಗೆ ಆದದ್ದು, ದಾವೀದನ ಮನೆತನದೊಂದಿಗೆ ಆದದ್ದು. ಹೊಸದಕ್ಕೆ ಎದುರಾಗಿ ನಿಲ್ಲುವುದು ಇವುಗಳಲ್ಲಿ ಸೀನಾಯಿಯದು ಮಾತ್ರ. ಅಬ್ರಹಾಮನ ಒಡಂಬಡಿಕೆ ರದ್ದಾಯಿತೆಂದು ಪೌಲನ ಮುಂದೆ ಹೇಳಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಅವನ ವಾದವೇ ಅದು: ದೇವರು ಅಬ್ರಹಾಮನಿಗೆ ಮೊದಲೇ ಸ್ಥಿರಪಡಿಸಿದ ಒಡಂಬಡಿಕೆಯನ್ನು 430 ವರ್ಷಗಳ ಮೇಲೆ ಬಂದ ಧರ್ಮಶಾಸ್ತ್ರ ತೊಡೆದುಹಾಕಲಾರದು. ನಾವು ಅನ್ಯಜನರಾಗಿದ್ದೂ ಒಳಗೆ ಬಂದದ್ದು ಆ ಹಳೆಯ ವಾಗ್ದಾನದ ಬಾಗಿಲಿನಿಂದಲೇ.

ಆ ವಾಗ್ದಾನ ಆದ ಬಗೆಯನ್ನು ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಒಮ್ಮೆ ನಿಧಾನವಾಗಿ ಓದಿ. ಅಬ್ರಹಾಮ ಕಡಸು, ಆಡು, ಟಗರುಗಳನ್ನು ಕಡಿದು ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ; ಹಕ್ಕಿಗಳನ್ನು ಮಾತ್ರ ಕಡಿಯುವುದಿಲ್ಲ. ಹದ್ದುಗಳು ಎರಗಿದಾಗ ಅಟ್ಟುತ್ತಾನೆ. ಆ ಕಾಲದ ಪದ್ಧತಿಯಂತೆ ಕರಾರು ಮಾಡಿಕೊಂಡವರು ಆ ಹೋಳುಗಳ ನಡುವೆ ಹಾದುಹೋಗಬೇಕು. ಮಾತಿಗೆ ತಪ್ಪಿದರೆ ನನಗೂ ಈ ಗತಿಯಾಗಲಿ ಎಂಬುದು ಅದರ ಇಂಗಿತ. ಆದರೆ ಸೂರ್ಯ ಮುಳುಗುವಾಗ ಅಬ್ರಹಾಮನಿಗೆ ಗಾಢನಿದ್ದೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಮನುಷ್ಯ ಹಾಯಲಿಲ್ಲ, ದೇವರೊಬ್ಬನೇ ಹಾದ. ಹೊಸ ಒಡಂಬಡಿಕೆಯ ಇಡೀ ಬೋಧನೆಯ ಬೀಜ ಅಲ್ಲಿದೆ ಎಂಬುದು ನನ್ನ ನಂಬಿಕೆ. ಆದರೂ ನಮ್ಮ ಪ್ರಸಂಗಗಳಲ್ಲಿ ಆ ಅಧ್ಯಾಯದ ಆರನೆಯ ವಚನ ದಾಟಿ ಮುಂದೆ ಹೋಗುವವರು ಕಡಿಮೆ.

ಈಗ ಸೀನಾಯಿ. ಅಲ್ಲಿ ಕೃಪೆಯಿರಲಿಲ್ಲ, ಬರೀ ನಿಯಮವಿತ್ತು, ಜನರು ನಿಯಮ ಪಾಲಿಸಿ ರಕ್ಷಣೆ ಗಳಿಸಬೇಕಿತ್ತು ಎಂದು ನಿಮ್ಮ ಕೂಟದಲ್ಲಿ ಹೇಳುತ್ತಿರಬಹುದು. ವಿಮೋಚನಕಾಂಡ ಹಾಗೆ ಹೇಳುವುದಿಲ್ಲ. ಹತ್ತು ಆಜ್ಞೆಗಳು ಶುರುವಾಗುವುದೇ ಆಜ್ಞೆಯಿಂದಲ್ಲ: ಐಗುಪ್ತದ ಗುಲಾಮಗಿರಿಯಿಂದ ನಿನ್ನನ್ನು ಬಿಡಿಸಿದ ದೇವರು ನಾನೇ ಎಂಬ ಮಾತಿನಿಂದ. ಬಿಡುಗಡೆ ಮೊದಲು, ನಿಯಮ ಆಮೇಲೆ. ಸಮುದ್ರ ದಾಟಿ ಬಂದವರಿಗೆ ಬದುಕುವ ರೀತಿಯನ್ನು ಕಲಿಸಿದರೇ ಹೊರತು, ನಿಯಮ ಪಾಲಿಸಿದರೆ ಮಾತ್ರ ಸಮುದ್ರ ಇಬ್ಭಾಗವಾಗುತ್ತದೆ ಎಂದು ದಡದಲ್ಲಿ ನಿಲ್ಲಿಸಿ ಷರತ್ತು ಹಾಕಲಿಲ್ಲ. ಪುಣೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಗೊತ್ತಿರುತ್ತದೆ: ಠೇವಣಿ, ಷರತ್ತು, ಮುರಿದರೆ ಹೊರಗೆ. ಸೀನಾಯಿಯ ಒಡಂಬಡಿಕೆಯನ್ನು ಜನ ಅಂಥ ಕರಾರಿನಂತೆ ಓದುತ್ತಾರೆ. ಅದರಲ್ಲಿ ಷರತ್ತುಗಳಿದ್ದವು, ನಿಜ. ಆಶೀರ್ವಾದ ಶಾಪಗಳೂ ಇದ್ದವು. ಆದರೆ ಠೇವಣಿಯನ್ನು ಕಟ್ಟಿದವನು ಮನೆಯ ಯಜಮಾನನೇ.

ಹಾಗಾದರೆ ಕುಂದು ಎಲ್ಲಿತ್ತು? ವಿಮೋಚನಕಾಂಡದ 24ನೆಯ ಅಧ್ಯಾಯ ನೋಡಿ. ಮೋಶೆ ಬೆಟ್ಟದ ಬುಡದಲ್ಲಿ ಯಜ್ಞವೇದಿಯನ್ನೂ ಹನ್ನೆರಡು ಕಂಬಗಳನ್ನೂ ನಿಲ್ಲಿಸುತ್ತಾನೆ. ಹೋರಿಗಳ ರಕ್ತದಲ್ಲಿ ಅರ್ಧವನ್ನು ಬಟ್ಟಲುಗಳಲ್ಲಿ ಇಟ್ಟು ಉಳಿದರ್ಧವನ್ನು ವೇದಿಯ ಮೇಲೆ ಎರಚುತ್ತಾನೆ. ಒಡಂಬಡಿಕೆಯ ಗ್ರಂಥವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾನೆ. ಜನರು ಯೆಹೋವನು ಹೇಳಿದ್ದನ್ನೆಲ್ಲ ನಾವು ಮಾಡುವೆವು ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಆಗ ಬಟ್ಟಲಿನ ರಕ್ತವನ್ನು ಅವರ ಮೇಲೆ ಪ್ರೋಕ್ಷಿಸುತ್ತಾನೆ. ಆಮೇಲೆ ಅವನು ಬೆಟ್ಟ ಹತ್ತುತ್ತಾನೆ, ನಲವತ್ತು ದಿನ ಅಲ್ಲಿರುತ್ತಾನೆ. ಕೆಳಗೆ ಅದೇ ಜನ ಚಿನ್ನದ ಕರು ಎರಕ ಹೊಯ್ದು ಕುಣಿಯುತ್ತಾರೆ. 'ನಾವು ಮಾಡುವೆವು' ಎಂಬ ಮಾತಿನ ಆಯುಷ್ಯ ಅಷ್ಟೇ. ಇಬ್ರಿಯರ ಪತ್ರಿಕೆ ಎಂಟನೆಯ ಅಧ್ಯಾಯದಲ್ಲಿ ಮೊದಲನೆಯ ಒಡಂಬಡಿಕೆ ನಿರ್ದೋಷವಾಗಿರಲಿಲ್ಲ ಎನ್ನುತ್ತದೆ. ಆದರೆ ದೇವರು ತಪ್ಪು ಹಿಡಿದದ್ದು ಯಾರಲ್ಲಿ ಎಂದು ಹೇಳುವಾಗ ಜನರನ್ನು ತೋರಿಸುತ್ತದೆ, ನಿಯಮವನ್ನಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಪ್ರವಾದಿ ಯೆರೆಮೀಯ. ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದ ಕಾಲ, ಕ್ರಿ.ಪೂ. 586ರ ಸುಮಾರಿಗೆ ಪಟ್ಟಣವೂ ದೇವಾಲಯವೂ ಬಿದ್ದವು. ಅವನ ಪುಸ್ತಕದ 31ನೆಯ ಅಧ್ಯಾಯದಲ್ಲಿ 31ರಿಂದ 34ರವರೆಗಿನ ವಚನಗಳಲ್ಲಿ ಹೊಸ ಒಡಂಬಡಿಕೆಯ ಮಾತು ಬರುತ್ತದೆ. ಹಳೆಯ ಭಾಗದ ಪುಸ್ತಕಗಳಲ್ಲಿ ಈ ಹೆಸರು ಕಾಣಿಸುವುದು ಅಲ್ಲೊಂದೇ ಕಡೆ. ಅದರ ಮುಂದಿನ ಅಧ್ಯಾಯದಲ್ಲಿ, ತಾನೇ ಕಾವಲುಗಾರರ ಅಂಗಳದಲ್ಲಿ ಸೆರೆಯಾಗಿದ್ದುಕೊಂಡು, ವೈರಿಗಳ ವಶವಾಗುತ್ತಿದ್ದ ನಾಡಿನಲ್ಲಿ ಅವನು ಹದಿನೇಳು ಶೇಕೆಲ್ ಬೆಳ್ಳಿ ತೂಗಿ ಹೊಲ ಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಜಾಗ ನೋಡದೆ ಫ್ಲಾಟ್ ಬುಕ್ ಮಾಡಲು ಹೆದರುವ ನಮಗೆ ಅದು ಹುಚ್ಚುತನವಾಗಿ ಕಂಡೀತು. ಹೊಸ ಒಡಂಬಡಿಕೆಯ ವಾಗ್ದಾನವನ್ನು ಹೇಳಿದ ಬಾಯಿ ಎಂಥದ್ದೆಂದು ತಿಳಿಯಲು ಆ ಕ್ರಯಪತ್ರದ ಕಥೆಯನ್ನೂ ಜೊತೆಗೆ ಓದಬೇಕು.

ಆ ನಾಲ್ಕು ವಚನಗಳಲ್ಲಿ ಏನಿದೆ? ನನ್ನ ಧರ್ಮೋಪದೇಶವನ್ನು ಅವರ ಅಂತರಂಗದಲ್ಲಿ ಇಡುವೆನು, ಹೃದಯದ ಮೇಲೆ ಬರೆಯುವೆನು. ನಾನು ಅವರ ದೇವರಾಗಿರುವೆನು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ನನ್ನನ್ನು ಅರಿಯುವರು. ಅವರ ಅಪರಾಧವನ್ನು ಕ್ಷಮಿಸಿ ಪಾಪವನ್ನು ಇನ್ನು ನೆನಪಿಗೆ ತರೆನು. ಇಲ್ಲಿ ಧರ್ಮಶಾಸ್ತ್ರ ರದ್ದಾಗಲಿಲ್ಲ. ಅದನ್ನು ಬರೆಯುವ ಜಾಗ ಬದಲಾಯಿತು: ಕಲ್ಲಿನ ಹಲಗೆಯಿಂದ ಹೃದಯಕ್ಕೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲ ಹೇಳುವುದೂ ಇದನ್ನೇ. ಇನ್ನೊಂದು ಬದಲಾವಣೆಯನ್ನು ಗಮನಿಸಿ. ಸೀನಾಯಿಯಲ್ಲಿ 'ನಾವು ಮಾಡುವೆವು' ಎಂದು ಜನ ಹೇಳಿದರು. ಇಲ್ಲಿ ಇಡುವೆನು, ಬರೆಯುವೆನು, ಕ್ಷಮಿಸುವೆನು ಎಂದು ದೇವರೇ ಹೇಳುತ್ತಾನೆ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಉಸಿರಿನಲ್ಲಿ ಹೇಳು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಎರಡು ವಚನಗಳನ್ನು ಅಕ್ಕಪಕ್ಕ ಇಡಿಸುತ್ತೇನೆ. ಒಂದರಲ್ಲಿ ಕೃಪೆಯಿಲ್ಲ, ಇನ್ನೊಂದರಲ್ಲಿ ನಿಯಮವಿಲ್ಲ ಎಂಬುದು ಅಲ್ಲ ವಿಷಯ. ನಿಯಮ ನೆರವೇರುವಂತೆ ಮಾಡುವ ಹೊಣೆಯನ್ನು ಯಾರು ಹೊತ್ತರು ಎಂಬುದು.

ಹೊತ್ತದ್ದು ಹೇಗೆ ಎಂಬುದನ್ನು ಇಬ್ರಿಯರ ಪತ್ರಿಕೆ ಅರಣ್ಯದಲ್ಲಿ ಇಸ್ರಾಯೇಲರ ಆರಾಧನಾ ಸ್ಥಳವಾಗಿದ್ದ ದೇವದರ್ಶನದ ಗುಡಾರದೊಳಕ್ಕೆ ಕರೆದೊಯ್ದು ತೋರಿಸುತ್ತದೆ. ಯಾಜಕಕಾಂಡ 16ರ ದೋಷಪರಿಹಾರಕ ದಿನವನ್ನು ನೆನಪಿಗೆ ತಂದುಕೊಳ್ಳಿ. ವರ್ಷಕ್ಕೊಂದೇ ದಿನ ಮಹಾಯಾಜಕ ಸ್ನಾನ ಮಾಡಿ, ಬರೀ ನಾರಿನ ಬಟ್ಟೆ ಉಟ್ಟು, ಮೊದಲು ತನ್ನ ಪಾಪಕ್ಕಾಗಿ ಹೋರಿಯನ್ನು ವಧಿಸಿ, ಧೂಪದ ಹೊಗೆಯ ಮರೆಯಲ್ಲಿ ತೆರೆಯ ಒಳಗೆ ಹೋಗುತ್ತಿದ್ದ. ಎರಡು ಹೋತಗಳಿಗೆ ಚೀಟು ಹಾಕಿ ಒಂದನ್ನು ಬಲಿ ಕೊಟ್ಟು, ಇನ್ನೊಂದರ ತಲೆಯ ಮೇಲೆ ಜನರ ಅಪರಾಧಗಳನ್ನು ಅರಿಕೆ ಮಾಡಿ ಅಡವಿಗೆ ಅಟ್ಟಿಸುತ್ತಿದ್ದ. ಮರುವರ್ಷ ಪುನಃ ಅದೇ. ಗುಡಾರದ ಸಾಮಾನುಗಳ ಪಟ್ಟಿಯಲ್ಲಿ ಮೇಜು, ದೀಪಸ್ತಂಭ, ಧೂಪವೇದಿ, ಆಜ್ಞೆಗಳ ಹಲಗೆಗಳಿದ್ದ ಮಂಜೂಷ ಎಲ್ಲ ಇವೆ. ಯಾಜಕನಿಗೆ ಕೂರಲು ಮಾತ್ರ ಒಂದು ಪೀಠವೂ ಇಲ್ಲ. ಮಂಜೂಷದ ಮುಚ್ಚಳವಾದ ಕೃಪಾಸನವಿತ್ತು, ಅದು ದೇವರದ್ದು. ಇಬ್ರಿಯರ ಪತ್ರಿಕೆಯ ಹತ್ತನೆಯ ಅಧ್ಯಾಯ ಈ ಸೂಕ್ಷ್ಮವನ್ನು ಹಿಡಿಯುತ್ತದೆ: ಯಾಜಕರೆಲ್ಲ ದಿನದಿನವೂ ನಿಂತುಕೊಂಡು ಅವೇ ಬಲಿಗಳನ್ನು ಅರ್ಪಿಸುತ್ತಿದ್ದರು, ಕ್ರಿಸ್ತನಾದರೋ ಒಂದೇ ಬಲಿಯನ್ನು ಅರ್ಪಿಸಿ ಕೂತನು. ಕೆಲಸ ಮುಗಿದವನು ಕೂರುತ್ತಾನೆ. ಕರ್ತನ ಭೋಜನದಲ್ಲಿ ಪಾತ್ರೆ ಎತ್ತುವಾಗ ನೀವು ಕೇಳುವ 'ಹೊಸ ಒಡಂಬಡಿಕೆ' ಎಂಬ ಮಾತು ಸುಮಾರು ಕ್ರಿ.ಶ. 55ರಲ್ಲಿ ಪೌಲ ಕೊರಿಂಥಕ್ಕೆ ಬರೆದ ಮೊದಲ ಪತ್ರಿಕೆಯಲ್ಲೇ ಇದೆ. ಮೋಶೆಯ ಬಟ್ಟಲುಗಳ ರಕ್ತವೂ ಯೆರೆಮೀಯನ ವಾಗ್ದಾನವೂ ಆ ಒಂದು ಪಾತ್ರೆಯಲ್ಲಿ ಸೇರಿವೆ.

ಬಲಿ, ಯಾಜಕತ್ವ, ಗುಡಾರ ಇವು ನೆರಳು, ನಿಜರೂಪ ಬಂದ ಮೇಲೆ ಅವುಗಳ ಕೆಲಸ ಮುಗಿಯಿತು. ಇದರಲ್ಲಿ ಕ್ರೈಸ್ತ ಪಂಥಗಳ ನಡುವೆ ಜಗಳವಿಲ್ಲ. ಜಗಳ ಇರುವುದು ಉಳಿದ ಆಜ್ಞೆಗಳ ಬಗ್ಗೆ.

ಮಧ್ಯಯುಗದ ಕಥೋಲಿಕ ಪಂಡಿತ ಥಾಮಸ್ ಅಕ್ವಿನಾಸ್‌ನಿಂದ ಹಿಡಿದು ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್, ಆ ಪಂಥದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದವರೆಗೆ ಒಂದು ವಿಂಗಡಣೆ ನಡೆದು ಬಂದಿದೆ: ನೈತಿಕ ಆಜ್ಞೆಗಳು, ಆಚರಣೆಯ ಆಜ್ಞೆಗಳು, ಇಸ್ರಾಯೇಲ್ ನಾಡಿನ ನ್ಯಾಯಾಡಳಿತದ ಆಜ್ಞೆಗಳು. ಮೊದಲನೆಯವು ಎಲ್ಲ ಕಾಲಕ್ಕೂ, ಎರಡನೆಯವು ಕ್ರಿಸ್ತನಲ್ಲಿ ಮುಗಿದವು, ಮೂರನೆಯವು ಆ ರಾಜ್ಯದೊಂದಿಗೆ ಹೋದವು. ಕಲಿಸಲು ಅನುಕೂಲವಾದ ಕ್ರಮ, ನಾನೂ ಬಳಸುತ್ತೇನೆ. ಆದರೆ ಮೋಶೆಯ ಪುಸ್ತಕಗಳಲ್ಲಿ ಹೀಗೆ ಗೆರೆ ಎಳೆದಿಲ್ಲ. ಯಾಜಕಕಾಂಡ 19ರ 18ನೆಯ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ. 19ನೆಯದು ಎರಡು ಬಗೆಯ ನೂಲಿನ ಬಟ್ಟೆ ಉಡಬೇಡ ಎನ್ನುತ್ತದೆ. ಮಧ್ಯೆ ಒಂದು ಗೀಟೂ ಇಲ್ಲ. ಹಾಗಾಗಿ ಯಾವುದೇ ಆಜ್ಞೆಯ ಮುಂದೆ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇದನ್ನು ಕ್ರಿಸ್ತನೂ ಅಪೊಸ್ತಲರೂ ಏನು ಮಾಡಿದರು? ಕೊಲೆ ಬೇಡ ಎಂಬುದನ್ನು ಯೇಸು ಸಿಟ್ಟಿನವರೆಗೆ, ವ್ಯಭಿಚಾರ ಬೇಡ ಎಂಬುದನ್ನು ಕಣ್ಣಿನವರೆಗೆ ಒಯ್ದ. ಕೃಪೆಯ ಕಾಲವೆಂದರೆ ನಿಯಮ ಸಡಿಲವಾದ ಕಾಲ ಎನ್ನುವವರು ಬೆಟ್ಟದ ಮೇಲಣ ಪ್ರಸಂಗವನ್ನು ಇನ್ನೊಮ್ಮೆ ಓದಲಿ. ಹತ್ತು ಆಜ್ಞೆಗಳಲ್ಲಿ ಒಂಬತ್ತು ಹೊಸ ಭಾಗದಲ್ಲಿ ಒಂದಲ್ಲ ಒಂದು ರೂಪದಲ್ಲಿ ಮರಳಿ ಬರುತ್ತವೆ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ಆಜ್ಞೆಯೊಂದರ ಬಗ್ಗೆ ಇಂದಿಗೂ ಚರ್ಚೆ ನಡೆದಿದೆ. ಮಕ್ಕಳಿಗೆ ಹತ್ತನ್ನೂ ಕಲಿಸಿ, ಸಂಕೋಚ ಬೇಡ. ಆದರೆ ವಿಮೋಚನಕಾಂಡ 20ರ ಎರಡನೆಯ ವಚನದಿಂದ, ಅಂದರೆ ಬಿಡುಗಡೆಯ ಮಾತಿನಿಂದ ಶುರುಮಾಡಿ. ನೇರ ಮೂರನೆಯದಕ್ಕೆ ಹಾರಬೇಡಿ.

ಹಂದಿ ಮಾಂಸದ ವಿಷಯ ಬೇಗ ಮುಗಿಯುತ್ತದೆ. ಎಲ್ಲ ಆಹಾರವೂ ಶುದ್ಧ ಎಂಬುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರು ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಸುನ್ನತಿಯ ಭಾರವನ್ನಾಗಲಿ ಮೋಶೆಯ ಶಾಸ್ತ್ರವೆಲ್ಲದರ ಭಾರವನ್ನಾಗಲಿ ಹೊರಿಸಲಿಲ್ಲ. ತಿನ್ನುವುದು ಪಾಪವಲ್ಲ. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ ತಿನ್ನುವವನು ತಿನ್ನದವನನ್ನು ಹೀನೈಸಬಾರದು ಎನ್ನುತ್ತದೆ. ಅತ್ತೆಯವರ ಅಡುಗೆಮನೆಯಲ್ಲಿ ಅವರ ಮಾತೇ ನಡೆಯಲಿ.

ಇನ್ನು ದಶಮಾಂಶ. ನಿಮ್ಮ ನಿಜವಾದ ನೋವು ಇಲ್ಲಿದೆ ಎಂದು ಪತ್ರದಿಂದ ತಿಳಿಯುತ್ತದೆ. ಅರಣ್ಯಕಾಂಡ 18ರ ಪ್ರಕಾರ ದಶಮಾಂಶ ದೇವಸೇವೆಗೆ ಮೀಸಲಾದ ಲೇವಿಯರಿಗೆ ಸಲ್ಲಬೇಕಿತ್ತು, ಏಕೆಂದರೆ ಹನ್ನೆರಡು ಕುಲಗಳಿಗೆ ನಾಡು ಹಂಚುವಾಗ ಅವರಿಗೆ ಹೊಲದ ಪಾಲು ಸಿಗಲಿಲ್ಲ. ಅದು ಸಂಬಳದಲ್ಲಿ ಕಡಿತವಾಗುತ್ತಿದ್ದ ಹಣವಲ್ಲ; ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿಗಳ ಪಾಲು. ಮಲಾಕಿಯ ಹೇಳುವ ಭಂಡಾರ ಆ ಧಾನ್ಯದ ಉಗ್ರಾಣ. ಅದು ಬರಿದಾದಾಗ ಲೇವಿಯರು ದೇವಾಲಯ ಬಿಟ್ಟು ಹೊಲಗಳಿಗೆ ಓಡಿದ್ದನ್ನು ನೆಹೆಮೀಯನ ಪುಸ್ತಕದ ಕೊನೆಯ ಅಧ್ಯಾಯ ಹೇಳುತ್ತದೆ. ಮಲಾಕಿಯ ಮೂರನೆಯ ಅಧ್ಯಾಯದಲ್ಲಿ ಜನರನ್ನು ಗದರುವ ಮೊದಲು ಮೊದಲೆರಡು ಅಧ್ಯಾಯಗಳಲ್ಲಿ ಯಾಜಕರನ್ನೇ ಜಾಡಿಸಿದ್ದಾನೆ, ಕುಂಟು ಕುರುಡು ಪಶುಗಳನ್ನು ವೇದಿಗೆ ತಂದರೆಂದು, ತಮ್ಮ ಬೋಧನೆಯಿಂದ ಅನೇಕರನ್ನು ಎಡವಿಸಿದರೆಂದು. ಆ ಭಾಗ ನಿಮ್ಮ ಕೂಟದಲ್ಲಿ ಎಂದಾದರೂ ಓದಲ್ಪಟ್ಟಿದೆಯೇ?

ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವಂತೂ ಇನ್ನೂ ಸ್ವಾರಸ್ಯ. ಅಲ್ಲಿ ದಶಮಾಂಶವನ್ನು ಮನೆಮಂದಿಯೆಲ್ಲ ದೇವರ ಸನ್ನಿಧಿಯಲ್ಲಿ ಕೂತು ಊಟ ಮಾಡಿ ಸಂತೋಷಪಡಬೇಕು. ದೂರದವರಾದರೆ ಅದನ್ನು ಮಾರಿ ಬೆಳ್ಳಿ ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಬೇಕಾದ ದನ, ಕುರಿ, ದ್ರಾಕ್ಷಾರಸ, ಮದ್ಯವನ್ನೂ ಕೊಂಡು ಔತಣ ಮಾಡಬಹುದು. ಮೂರು ವರ್ಷಕ್ಕೊಮ್ಮೆ ಅದು ಊರಿನ ಲೇವಿಯನಿಗೆ, ಪರದೇಶಿಗೆ, ಅನಾಥನಿಗೆ, ವಿಧವೆಗೆ. ಶುಕ್ರವಾರದ ಕೂಟದಲ್ಲಿ ವಾದ ಹೂಡಬೇಡಿ; 22ರಿಂದ 29ರವರೆಗಿನ ಆ ವಚನಗಳನ್ನು ಗಟ್ಟಿಯಾಗಿ ಓದಲು ಅವಕಾಶ ಕೇಳಿ, ಸಾಕು.

ಧರ್ಮಶಾಸ್ತ್ರಕ್ಕೂ ಮೊದಲೇ ಅಬ್ರಹಾಮ ಯಾಜಕನೂ ರಾಜನೂ ಆದ ಮೆಲ್ಕಿಜೆದೇಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟನಲ್ಲ ಎಂದು ಅವರು ಹೇಳಬಹುದು. ಹೇಳಲಿ, ತಪ್ಪಿಲ್ಲ. ಸಂತೋಷದಿಂದ ಹತ್ತರಲ್ಲೊಂದು ಕೊಡುವ ಎಷ್ಟೋ ಬಡ ಕುಟುಂಬಗಳನ್ನು ನಾನು ಬಲ್ಲೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಪೌಲ ಕೊರಿಂಥದವರಿಗೆ ಬರೆದದ್ದು, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಲಿ, ದುಃಖದಿಂದಲೂ ಬಲವಂತದಿಂದಲೂ ಬೇಡ ಎಂದು. ಆ ಪತ್ರಿಕೆಯ ಎರಡು ಇಡೀ ಅಧ್ಯಾಯಗಳಲ್ಲಿ ದಶಮಾಂಶ ಎಂಬ ಶಬ್ದವೇ ಬರುವುದಿಲ್ಲ. ಶಾಪದ ಬೆದರಿಕೆಯಂತೂ ಕ್ಷಮೆಯಿಲ್ಲದ ತಪ್ಪು: ಧರ್ಮಶಾಸ್ತ್ರದ ಶಾಪದಿಂದ ಬಿಡಿಸಲು ಕ್ರಿಸ್ತನೇ ನಮಗಾಗಿ ಶಾಪವಾದನು ಎಂದು ಗಲಾತ್ಯ 3:13 ಹೇಳಿದ ಮೇಲೆ ಅದೇ ಶಾಪವನ್ನು ವಿಶ್ವಾಸಿಗಳ ಮೇಲೆ ತಿರುಗಿ ಎಸೆಯುವವನು ಯಾವ ಕಾಲದಲ್ಲಿದ್ದಾನೆ, ಕೃಪೆಯ ಕಾಲದಲ್ಲೋ?

ಹಳೆಯ ಭಾಗದ ದೇವರು ಕೋಪಿಷ್ಠ, ಹೊಸ ಭಾಗದವನು ಕರುಣಾಳು ಎಂಬ ಮಾತೂ ಇಂಥ ಕೂಟಗಳಲ್ಲಿ ಕೇಳಿಬರುತ್ತದೆ. ಅದು ಹಳೆಯ ಸರಕು. ಕಪ್ಪು ಸಮುದ್ರದ ಕರಾವಳಿಯಿಂದ ರೋಮಿಗೆ ಬಂದ ಮಾರ್ಕಿಯೋನ್ ಅದನ್ನೇ ಕಲಿಸಿದ. ಯೆಹೂದ್ಯರ ಗ್ರಂಥಗಳನ್ನೆಲ್ಲ ಬಿಸುಟು, ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಿಕೆಗಳನ್ನೂ ತನಗೆ ಬೇಕಾದಂತೆ ಕತ್ತರಿಸಿಟ್ಟುಕೊಂಡ. ಸುಮಾರು ಕ್ರಿ.ಶ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಜೀವಸ್ವರೂಪನಾದ ದೇವರ ಕೈಯಲ್ಲಿ ಸಿಕ್ಕಿಬೀಳುವುದು ಭಯಂಕರ ಎಂಬ ಮಾತಿರುವುದು ಹೊಸ ಭಾಗದಲ್ಲಿ. ಕನಿಕರವೂ ದಯೆಯೂ ಉಳ್ಳವನು, ದೀರ್ಘಶಾಂತನು ಎಂಬ ಮಾತು ಮೊದಲು ಬರುವುದು ವಿಮೋಚನಕಾಂಡದಲ್ಲಿ, ಅದೂ ಚಿನ್ನದ ಕರುವಿನ ರಾದ್ಧಾಂತವಾದ ಮೇಲೆ.

ಕೊನೆಗೆ ನೀವು ದಿನವೂ ನೋಡುವ ಆ ಕೆಂಪು ಇಟ್ಟಿಗೆಯ ಕಟ್ಟಡ, ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಲಾಲ್ ದೇವುಳ. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ವ್ಯಾಪಾರ ಕಟ್ಟಿದ ಡೇವಿಡ್ ಸಸೂನ್ 1860ರ ದಶಕದಲ್ಲಿ ಕಟ್ಟಿಸಿದ್ದು. ಅವರು 1864ರಲ್ಲಿ ತೀರಿಕೊಂಡರು, ಸಮಾಧಿ ಅದೇ ಆವರಣದಲ್ಲಿದೆ. ಅವರಿಗಿಂತ ಬಹಳ ಮೊದಲೇ ಕೊಂಕಣದ ಕರಾವಳಿಯಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಎಣ್ಣೆ ಗಾಣ ನಡೆಸಿಕೊಂಡಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರ ತೇಲಿ ಎಂದರು. ಅವರ ಪರಂಪರೆಯ ಪ್ರಕಾರ ಇಬ್ರಿಯ ಭಾಷೆ ಮರೆತುಹೋದರೂ ಒಂದು ಪ್ರಾರ್ಥನೆ ನಾಲಿಗೆಯ ಮೇಲೆ ಉಳಿದಿತ್ತು: ಇಸ್ರಾಯೇಲೇ ಕೇಳು, ಯೆಹೋವನೊಬ್ಬನೇ ದೇವರು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಯೇಸು ಮೊದಲು ಉಚ್ಚರಿಸಿದ್ದು ಇದನ್ನೇ.

ಅವರದ್ದು ಮುಗಿಯಿತೇ? ಉತ್ತರಗಳು ಬೇರೆಬೇರೆ. ಸಭೆಯೇ ಹೊಸ ಇಸ್ರಾಯೇಲ್, ವಾಗ್ದಾನಗಳೆಲ್ಲ ಅದಕ್ಕೆ ವರ್ಗಾವಣೆಯಾದವು ಎಂದು ಶತಮಾನಗಳ ಕಾಲ ಬಹುಪಾಲು ಕ್ರೈಸ್ತರು ಕಲಿಸಿದರು. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ ಹರಡಿದ ಇನ್ನೊಂದು ಬೋಧನೆ, ಇಸ್ರಾಯೇಲಿಗೂ ಸಭೆಗೂ ಎರಡು ಬೇರೆ ಹಾದಿಗಳೆಂದಿತು. ನಿಮ್ಮ ಹಿರಿಯರ ಬಾಯಲ್ಲಿ ಬರುವ 'ಕೃಪೆಯ ಕಾಲ' ಎಂಬ ಲೆಕ್ಕ ಆ ಕಡೆಯದು. ಕಥೋಲಿಕ ಸಭೆ 1965ರ ಅಕ್ಟೋಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ ಯೆಹೂದ್ಯರನ್ನು ದೇವರು ತಿರಸ್ಕರಿಸಿದವರೆಂದು ಚಿತ್ರಿಸಬಾರದು ಎಂದಿತು. 1980ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ದೇವರು ಎಂದೂ ಹಿಂತೆಗೆದುಕೊಳ್ಳದ ಒಡಂಬಡಿಕೆ ಎಂಬ ಮಾತನ್ನೇ ಬಳಸಿದರು. 'ಮುಗಿಯಿತು' ಎಂಬ ಬೋಧನೆ ಕೈಗೆ ಅಧಿಕಾರ ಸಿಕ್ಕಾಗ ಏನು ಮಾಡಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1560ರಲ್ಲಿ ಗೋವೆಗೆ ಬಂದ ಇನ್‌ಕ್ವಿಸಿಷನ್ (ಕಥೋಲಿಕ ಸಭೆಯ ಮತವಿಚಾರಣಾ ನ್ಯಾಯಮಂಡಳಿ) ಗುಟ್ಟಾಗಿ ಯೆಹೂದಿ ಆಚರಣೆ ನಡೆಸುತ್ತಾರೆಂದು ಮತಾಂತರಿತ ಕುಟುಂಬಗಳನ್ನು ಹುಡುಕಿತು; ನಮ್ಮ ನೆಲದ ಗಿಡಮೂಲಿಕೆಗಳ ಮೇಲೆ ಪುಸ್ತಕ ಬರೆದ ವೈದ್ಯ ಗಾರ್ಸಿಯಾ ದ ಓರ್ತಾ ಸತ್ತು ಹನ್ನೆರಡು ವರ್ಷಗಳಾದ ಮೇಲೆ, 1580ರಲ್ಲಿ, ಅವನ ಎಲುಬುಗಳನ್ನು ಅಗೆದು ಸುಡಿಸಿತು.

ನನ್ನ ನಿಲುವು ಪೌಲನದ್ದು. ಯೆರೆಮೀಯ ಹೊಸ ಒಡಂಬಡಿಕೆಯನ್ನು ಹೇಳಿದ್ದೇ ಇಸ್ರಾಯೇಲ್ ವಂಶದವರಿಗೂ ಯೆಹೂದ ವಂಶದವರಿಗೂ. ನಾವು ಆಮೇಲೆ ಸೇರಿಕೊಂಡವರು. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅವನು ನಮ್ಮನ್ನು ಎಣ್ಣೆಮರಕ್ಕೆ (ಆಲಿವ್) ಕಸಿಮಾಡಿದ ಕಾಡುಕೊಂಬೆ ಎನ್ನುತ್ತಾನೆ, ಆ ಮರದ ಸ್ವಂತ ಕೊಂಬೆಗಳಾದ ಯೆಹೂದ್ಯರ ಮುಂದೆ ಹಿಗ್ಗಬೇಡ, ಬೇರನ್ನು ಹೊತ್ತಿರುವುದು ನೀನಲ್ಲ ಎಂದು ಎಚ್ಚರಿಸುತ್ತಾನೆ, ದೇವರ ವರಗಳೂ ಕರೆಯೂ ಹಿಂತೆಗೆದುಕೊಳ್ಳುವಂಥವಲ್ಲ ಎಂದು ಅದೇ ಅಧ್ಯಾಯದಲ್ಲಿ ಖಚಿತವಾಗಿ ಹೇಳುತ್ತಾನೆ. ಕ್ರಿಸ್ತನಿಲ್ಲದೆಯೇ ಆ ಕರೆ ನೆರವೇರುತ್ತದೆ ಎಂದಲ್ಲ ಅವನ ವಾದ. ಕ್ರಿಸ್ತನಲ್ಲಿ ದೇವರು ಅವರನ್ನು ಕೈಬಿಟ್ಟಿಲ್ಲ ಎಂದು. ಯಾವಾಗ, ಹೇಗೆ ಎಂಬುದನ್ನು ಮಾತ್ರ ಅವನು ಬಿಡಿಸಿ ಹೇಳುವುದಿಲ್ಲ. ಮೂರು ಅಧ್ಯಾಯಗಳ ಕಾಲ ವಾದ ಮಾಡಿದವನು ದೇವರ ನ್ಯಾಯತೀರ್ಪುಗಳು ಅಗಮ್ಯ ಎಂದು ಸ್ತೋತ್ರ ಹಾಡಿ ಮಾತು ನಿಲ್ಲಿಸುತ್ತಾನೆ.